ಓದುಗರ ಪ್ರಶ್ನೆ: ಉಪಕರಣ ಬಂತು, ಕಲಿಕೆ ಬಂತೇ?

ಪ್ರಶ್ನೆ: ನಾನು ಹಿರಿಯ ಪ್ರಾಥಮಿಕ ಶಾಲೆಯೊಂದರ ಮುಖ್ಯ ಶಿಕ್ಷಕ. ಶಾಲೆಗೆ ತಂತ್ರಜ್ಞಾನ ಒದಗಿಸಲು ಹಳೆಯ ವಿದ್ಯಾರ್ಥಿಗಳು ಹಣ ಕೂಡಿಸಿದ್ದಾರೆ. ಪ್ರತಿ ಮಗುವಿಗೂ ಟ್ಯಾಬ್ಲೆಟ್ ಕೊಡಿಸುವುದೋ, ತರಗತಿಗೊಂದು ಸ್ಮಾರ್ಟ್ ಬೋರ್ಡ್ ಹಾಕಿಸುವುದೋ ಎಂಬುದರಲ್ಲಿ ನಮ್ಮೊಳಗೆ ಒಮ್ಮತವಿಲ್ಲ. ಯಾವುದರಿಂದ ಕಲಿಕೆ ಹೆಚ್ಚು ಸುಧಾರಿಸುತ್ತದೆ?

ಉತ್ತರ: ಎರಡರಲ್ಲೊಂದನ್ನು ಆರಿಸುವ ಮೊದಲು, ನಿಮ್ಮ ಮಕ್ಕಳು ಎಲ್ಲೆಲ್ಲಿ ತೊಡರುತ್ತಿದ್ದಾರೆ ಎಂಬುದನ್ನು ಬರೆದಿಟ್ಟುಕೊಳ್ಳಿ. ಏಳನೆಯ ತರಗತಿಯಲ್ಲಿ ಎಷ್ಟು ಮಂದಿಗೆ ಭಿನ್ನರಾಶಿಗಳನ್ನು ಕೂಡಿಸಲು ಬರುತ್ತದೆ, ಎಷ್ಟು ಮಂದಿ ಒಂದು ಪುಟವನ್ನು ತಡವರಿಸದೆ ಓದಿ ಅದರ ಅರ್ಥವನ್ನು ತಮ್ಮ ಮಾತಿನಲ್ಲಿ ಹೇಳಬಲ್ಲರು ಎಂಬುದು ಗೊತ್ತಿಲ್ಲದಿದ್ದರೆ, ಯಾವ ಉಪಕರಣ ತಂದರೂ ಅದು ಏನನ್ನು ಸರಿಪಡಿಸಬೇಕಾಗಿತ್ತು ಎಂಬುದೇ ನಿಮಗೆ ತಿಳಿಯುವುದಿಲ್ಲ.

ಉಪಕರಣವನ್ನು ಹಂಚಿದ ಮಾತ್ರಕ್ಕೆ ಕಲಿಕೆ ಹೆಚ್ಚುವುದಿಲ್ಲ ಎಂಬುದಕ್ಕೆ ಪೆರು ದೇಶದ ಅನುಭವ ಸಾಕ್ಷಿಯಾಗಿದೆ. ಮಗುವಿಗೊಂದು ಲ್ಯಾಪ್‌ಟಾಪ್ ಎಂಬ ಯೋಜನೆಯಡಿ ಆ ದೇಶವು ಲಕ್ಷಾಂತರ ಲ್ಯಾಪ್‌ಟಾಪ್‌ಗಳನ್ನು ಶಾಲೆಗಳಿಗೆ ನೀಡಿತು. ಗ್ರಾಮೀಣ ಭಾಗದ 319 ಪ್ರಾಥಮಿಕ ಶಾಲೆಗಳನ್ನು ಒಳಗೊಂಡು 2012ರಲ್ಲಿ ಪ್ರಕಟವಾದ ಮೌಲ್ಯಮಾಪನವು, ಸುಮಾರು 15 ತಿಂಗಳ ಬಳಕೆಯ ನಂತರವೂ ಗಣಿತ ಮತ್ತು ಭಾಷೆಯ ಪರೀಕ್ಷೆಗಳಲ್ಲಿ ಆ ಮಕ್ಕಳು ಉಳಿದವರಿಗಿಂತ ಮುಂದೆ ಹೋಗಿರಲಿಲ್ಲವೆಂದು ಕಂಡುಕೊಂಡಿತು. ಮಕ್ಕಳು ಯಂತ್ರವನ್ನು ಬಳಸಲಿಲ್ಲವೆಂದಲ್ಲ, ಬಳಸಿದರು. ಆದರೆ ಪಾಠ ಹೇಳುವ ಕ್ರಮ ಮೊದಲಿನಂತೆಯೇ ಉಳಿದುಕೊಂಡಿತ್ತು, ಮತ್ತು ಮಗು ಮಾಡುವ ತಪ್ಪು ಲ್ಯಾಪ್‌ಟಾಪ್ ಬರುವ ಮೊದಲು ಹೇಗೆ ಯಾರ ಗಮನಕ್ಕೂ ಬಾರದೆ ಉಳಿಯುತ್ತಿತ್ತೋ ಬಂದ ಮೇಲೂ ಹಾಗೆಯೇ ಉಳಿಯಿತು ಎಂದೇ ನಾನು ಈ ಫಲಿತಾಂಶವನ್ನು ಅರ್ಥಮಾಡಿಕೊಳ್ಳುತ್ತೇನೆ.

ಇದಕ್ಕೆ ವಿರುದ್ಧವಾದ ಅನುಭವ ದೆಹಲಿಯಲ್ಲಿ ದೊರೆಯಿತು. ಶಾಲೆಯ ಅವಧಿ ಮುಗಿದ ಮೇಲೆ ನಡೆಯುತ್ತಿದ್ದ, ಮೈಂಡ್‌ಸ್ಪಾರ್ಕ್ ಎಂಬ ಕಲಿಕಾ ಸಾಫ್ಟ್‌ವೇರ್ ಬಳಸುವ ಕೇಂದ್ರಗಳಿಗೆ ಮಕ್ಕಳನ್ನು ಚೀಟಿ ಎತ್ತಿ ಆಯ್ಕೆ ಮಾಡಿ, ಆಯ್ಕೆಯಾದವರನ್ನೂ ಆಗದವರನ್ನೂ ನಾಲ್ಕೂವರೆ ತಿಂಗಳ ನಂತರ ಹೋಲಿಸಲಾಯಿತು. 2019ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಗಣಿತದಲ್ಲೂ ಹಿಂದಿಯಲ್ಲೂ ಗಣನೀಯ ಪ್ರಗತಿ ಕಂಡುಬಂತು. ಅಲ್ಲಿನ ಸಾಫ್ಟ್‌ವೇರ್ ಮಗು ಯಾವ ತರಗತಿಯಲ್ಲಿದೆ ಎಂಬುದನ್ನು ಬದಿಗಿಟ್ಟು, ಅದಕ್ಕೆ ನಿಜವಾಗಿ ಏನು ಬರುತ್ತದೆ ಎಂಬುದನ್ನು ಮೊದಲು ಅಳೆಯುತ್ತಿತ್ತು. ಆರನೆಯ ತರಗತಿಯ ಸಾಮಾನ್ಯ ಮಗುವು ಗಣಿತದಲ್ಲಿ ಎರಡಕ್ಕೂ ಹೆಚ್ಚು ತರಗತಿಗಳಷ್ಟು ಹಿಂದೆ ಇತ್ತು. ಅಂಥ ಮಗುವಿಗೆ ಆರನೆಯ ತರಗತಿಯ ಪಾಠವನ್ನು ಎಷ್ಟು ಚೆಂದದ ಚಿತ್ರಗಳೊಂದಿಗೆ ತೋರಿಸಿದರೂ ಅದು ತಲೆಗೆ ಇಳಿಯುವುದಿಲ್ಲ. ಹಿಂದೆ ಉಳಿದವನಿಗೆ ಹಿಂದಿನ ಲೆಕ್ಕ, ಮುಂದಿರುವವನಿಗೆ ಮುಂದಿನ ಲೆಕ್ಕ ಎಂದು ಒಂದೇ ಕೋಣೆಯಲ್ಲಿ ಹಂಚಿಕೊಡುವುದು ಒಬ್ಬರೇ ಶಿಕ್ಷಕರಿಗೆ ಅತಿ ಕಷ್ಟ. ಯಂತ್ರವು ನಿಜವಾಗಿಯೂ ನೆರವಾಗಬಲ್ಲ ಜಾಗ ಇದು. ಆದರೆ ಆ ಕೇಂದ್ರಗಳಲ್ಲಿಯೂ ತೊಂಬತ್ತು ನಿಮಿಷಗಳಲ್ಲಿ ಅರ್ಧ ಹೊತ್ತು ಮಾತ್ರ ಕಂಪ್ಯೂಟರ್ ಮುಂದೆ ಕಳೆಯುತ್ತಿತ್ತು. ಉಳಿದರ್ಧ ಹೊತ್ತು ಹನ್ನೆರಡರಿಂದ ಹದಿನೈದು ಮಕ್ಕಳ ಗುಂಪಿಗೆ ಮನುಷ್ಯರೇ ಕಲಿಸುತ್ತಿದ್ದರು ಎಂಬುದನ್ನು ಮರೆಯಬಾರದು.

ಹೀಗಾಗಿ ನನ್ನ ಸಲಹೆ ನಿಮ್ಮ ಎರಡೂ ಆಯ್ಕೆಗಳಿಗಿಂತ ಚಿಕ್ಕದು. ತರಗತಿಯ ಅರ್ಧದಷ್ಟು ಮಕ್ಕಳಿಗೆ ಸಾಕಾಗುವಷ್ಟು ಟ್ಯಾಬ್ಲೆಟ್‌ಗಳನ್ನು ಕೊಂಡು, ಅವುಗಳನ್ನು ಎಲ್ಲ ತರಗತಿಗಳೂ ವೇಳಾಪಟ್ಟಿಯಂತೆ ಹಂಚಿಕೊಳ್ಳಲಿ. ಅರ್ಧ ತರಗತಿ ತನ್ನ ಮಟ್ಟದ ಅಭ್ಯಾಸ ಮಾಡುತ್ತಿರುವಾಗ ಶಿಕ್ಷಕರು ಉಳಿದರ್ಧದ ಜೊತೆ ನೆಲದ ಮೇಲೆ ಕುಳಿತು ಮಾತನಾಡಿಸಿ ಕಲಿಸಲಿ. ಉಳಿದ ಹಣವನ್ನು ದುರಸ್ತಿಗೆ, ಬ್ಯಾಟರಿ ಬದಲಾವಣೆಗೆ ಮತ್ತು ಎಲ್ಲಕ್ಕಿಂತ ಮುಖ್ಯವಾಗಿ ಶಿಕ್ಷಕರ ತರಬೇತಿಗೆ ಮೀಸಲಿಡಿ. ಸಾಫ್ಟ್‌ವೇರ್ ಆರಿಸುವಾಗ ಮಾರಾಟಗಾರರನ್ನು ಒಂದೇ ಪ್ರಶ್ನೆ ಕೇಳಿ: ಇಂದು ಯಾವ ಮಗು ಯಾವ ಲೆಕ್ಕದಲ್ಲಿ ಯಾವ ಬಗೆಯ ತಪ್ಪು ಮಾಡಿತು ಎಂಬುದು ಸಂಜೆಯೊಳಗೆ ಶಿಕ್ಷಕರಿಗೆ ತಿಳಿಯುತ್ತದೆಯೇ? ಅಂಕಗಳ ಪಟ್ಟಿಯನ್ನಷ್ಟೇ ತೋರಿಸಿದರೆ ಅದನ್ನು ಕೊಳ್ಳಬೇಡಿ.

ಪ್ರಶ್ನೆ: ನಾನು ವಿಜ್ಞಾನ ಶಿಕ್ಷಕಿ. ವಿಡಿಯೊ ತೋರಿಸಿದಾಗ ಮಕ್ಕಳು ತದೇಕಚಿತ್ತರಾಗಿ ನೋಡುತ್ತಾರೆ, ಆದರೆ ವಾರದ ನಂತರ ಕೇಳಿದರೆ ಏನೂ ನೆನಪಿರುವುದಿಲ್ಲ. ವಿಡಿಯೊ ತೋರಿಸುವುದನ್ನೇ ನಿಲ್ಲಿಸಬೇಕೇ?

ಉತ್ತರ: ನಿಲ್ಲಿಸಬೇಡಿ, ನಡುನಡುವೆ ತಡೆಯಿರಿ. ನೋಡುವಾಗ ಅರ್ಥವಾದಂತೆ ಅನಿಸುವುದೇ ಬೇರೆ, ನೆನಪಿನಿಂದ ಹೊರತೆಗೆದು ಹೇಳುವುದೇ ಬೇರೆ. ಕಲಿಕೆ ಗಟ್ಟಿಯಾಗುವುದು ಎರಡನೆಯದರಿಂದ. ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನೋವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಂದು ಗದ್ಯಭಾಗವನ್ನು ಎರಡು ಸಲ ಓದಿದವರು ಐದು ನಿಮಿಷದ ನಂತರ ಹೆಚ್ಚು ನೆನಪಿಟ್ಟುಕೊಂಡಿದ್ದರು. ವಾರ ಕಳೆದ ಮೇಲೆ ಫಲಿತಾಂಶ ತಿರುಗಿಬಿತ್ತು: ಒಂದು ಸಲ ಓದಿ, ಎರಡನೆಯ ಸಲ ಪಠ್ಯ ನೋಡದೆ ನೆನಪಿನಿಂದ ಬರೆದಿದ್ದವರು ಶೇ. 56ರಷ್ಟನ್ನು ಹೇಳಿದರೆ, ಎರಡು ಸಲ ಓದಿದ್ದವರು ಶೇ. 42ರಷ್ಟನ್ನು ಮಾತ್ರ ಹೇಳಿದರು. ನಿಮ್ಮ ತರಗತಿಯಲ್ಲಿ ಆಗುತ್ತಿರುವುದೂ ಇದೇ.

ಆದ್ದರಿಂದ ಮೂರು ನಾಲ್ಕು ನಿಮಿಷಕ್ಕೊಮ್ಮೆ ವಿಡಿಯೊ ನಿಲ್ಲಿಸಿ, ಪರದೆಯನ್ನು ಕಪ್ಪಾಗಿಸಿ, ಈಗ ಕಂಡದ್ದನ್ನು ಪ್ರತಿಯೊಬ್ಬರೂ ಎರಡು ವಾಕ್ಯಗಳಲ್ಲಿ ಬರೆಯಲಿ. ಹೃದಯದ ಕೋಣೆಗಳ ಮೂಲಕ ರಕ್ತ ಹರಿಯುವ ವಿಡಿಯೊ ಆಗಿದ್ದರೆ, ರಕ್ತ ಮುಂದೆ ಎಲ್ಲಿಗೆ ಹೋಗುತ್ತದೆ ಎಂದು ಮೊದಲು ಊಹಿಸಿ ಬರೆಸಿ, ಆಮೇಲೆ ತೋರಿಸಿ. ಊಹೆ ತಪ್ಪಾದ ಮಗುವಿನ ಕುತೂಹಲ ಹೆಚ್ಚುವುದನ್ನು ನೀವೇ ಕಾಣುವಿರಿ. ಅದೇ ಪ್ರಶ್ನೆಗಳನ್ನು ಮೂರು ದಿನ ಬಿಟ್ಟು ಅಂಕಗಳಿಲ್ಲದ ಕಿರುಪರೀಕ್ಷೆಯಾಗಿ ಮತ್ತೆ ಕೇಳಿ. ಇನ್ನೊಂದು ಮಾತು: ಚಿತ್ರದ ಮೇಲೆ ಧ್ವನಿಯೂ ಅದೇ ಮಾತುಗಳ ಅಕ್ಷರರೂಪವೂ ಒಟ್ಟಿಗೆ ಬರುವ ವಿಡಿಯೊಗಳಲ್ಲಿ ಕಣ್ಣು ಚಿತ್ರವನ್ನು ಬಿಟ್ಟು ಅಕ್ಷರದ ಬೆನ್ನು ಹತ್ತುತ್ತದೆ. ಕಿವಿ ಚೆನ್ನಾಗಿ ಕೇಳುವ, ಪಾಠದ ಭಾಷೆ ಬಲ್ಲ ಮಕ್ಕಳಿಗೆ ಚಿತ್ರ ಮತ್ತು ಧ್ವನಿ ಎರಡೇ ಸಾಕು.

ಪ್ರಶ್ನೆ: ಒಂಬತ್ತನೆಯ ತರಗತಿಯಲ್ಲಿರುವ ನನ್ನ ಮಗಳು ಗಣಿತದ ಮನೆಗೆಲಸಕ್ಕೆ ಕೃತಕ ಬುದ್ಧಿಮತ್ತೆಯ ಚಾಟ್‌ಬಾಟ್ ಬಳಸುತ್ತಾಳೆ. ಮನೆಗೆಲಸದಲ್ಲಿ ಎಲ್ಲವೂ ಸರಿ ಇರುತ್ತದೆ, ಪರೀಕ್ಷೆಯಲ್ಲಿ ಅಂಕ ಇಳಿಯುತ್ತಿದೆ. ಇದನ್ನು ಬಿಡಿಸಬೇಕೇ?

ಉತ್ತರ: ನೀವು ಗಮನಿಸಿದ್ದನ್ನು ಟರ್ಕಿಯ ಪ್ರೌಢಶಾಲೆಯೊಂದರಲ್ಲಿ ಸುಮಾರು ಸಾವಿರ ವಿದ್ಯಾರ್ಥಿಗಳ ಮೇಲೆ ನಡೆದ ಪ್ರಯೋಗವೂ ತೋರಿಸಿತು. ಸಾಮಾನ್ಯ ಚಾಟ್‌ಬಾಟ್ ಕೈಯಲ್ಲಿದ್ದವರು ಅಭ್ಯಾಸದ ಲೆಕ್ಕಗಳಲ್ಲಿ ಶೇ. 48ರಷ್ಟು ಉತ್ತಮ ಸಾಧನೆ ತೋರಿದರು. ನಂತರ ಅದನ್ನು ತೆಗೆದು ಪರೀಕ್ಷೆ ನಡೆಸಿದಾಗ, ಅದನ್ನು ಎಂದೂ ಬಳಸದವರಿಗಿಂತ ಶೇ. 17ರಷ್ಟು ಹಿಂದೆ ಬಿದ್ದರು. ಉತ್ತರ ಕೊಡದೆ ಸುಳಿವು ಮಾತ್ರ ಕೊಡುವಂತೆ, ಶಿಕ್ಷಕರ ನೆರವಿನಿಂದ ರೂಪಿಸಿದ ಚಾಟ್‌ಬಾಟ್ ಬಳಸಿದ ಗುಂಪಿನಲ್ಲಿ ಈ ಹಾನಿ ಬಹುಮಟ್ಟಿಗೆ ತಪ್ಪಿತು.

ಹಾಗಾಗಿ ಪೂರ್ತಿ ನಿಷೇಧಿಸುವುದಕ್ಕಿಂತ ಬಳಕೆಯ ಕ್ರಮವನ್ನು ಬದಲಾಯಿಸುವುದು ಒಳ್ಳೆಯದು. ಮೊದಲು ಆಕೆ ಕಾಗದದ ಮೇಲೆ ತನ್ನ ಪ್ರಯತ್ನವನ್ನು ಬರೆಯಲಿ, ಎಲ್ಲಿ ನಿಂತೆನೆಂದು ಗುರುತಿಸಲಿ, ಆ ಒಂದು ಹಂತಕ್ಕೆ ಮಾತ್ರ ಸುಳಿವು ಕೇಳಲಿ. ಬಿಡಿಸಿದ ಲೆಕ್ಕವನ್ನು ಮುಚ್ಚಿಟ್ಟು ಮರುದಿನ ಮತ್ತೆ ಒಬ್ಬಳೇ ಬಿಡಿಸಲಿ. ಚಾಟ್‌ಬಾಟ್ ತಪ್ಪು ಉತ್ತರವನ್ನೂ ತುಂಬು ವಿಶ್ವಾಸದಿಂದಲೇ ಹೇಳಬಲ್ಲದು ಎಂಬುದನ್ನು ಅವಳಿಗೆ ತಿಳಿಸಿ. ಮಗಳನ್ನು ಗದರಿಸಬೇಡಿ, ಕೇಳಿದ ಕೂಡಲೇ ಉತ್ತರ ಕೊಡುವ ಸಾಧನ ಕೈಗೆ ಸಿಕ್ಕಾಗ ಯಾವ ವಿದ್ಯಾರ್ಥಿಯೂ ಅದನ್ನು ಬಳಸುವುದು ಸಹಜ.

ಪ್ರಶ್ನೆ: ನಮ್ಮ ಶಾಲೆಯಲ್ಲಿ ಇಂಟರ್ನೆಟ್ ಸರಿಯಾಗಿ ಸಿಗುವುದಿಲ್ಲ, ಕಂಪ್ಯೂಟರ್‌ಗಳಿಲ್ಲ. ಶಿಕ್ಷಕರ ಬಳಿ ಮೊಬೈಲ್ ಇದೆ, ಪಾಲಕರ ಬಳಿ ಸಾದಾ ಫೋನ್ ಇದೆ. ಇಷ್ಟರಲ್ಲಿ ಏನಾದರೂ ಸಾಧ್ಯವೇ?

ಉತ್ತರ: ಖಂಡಿತ ಸಾಧ್ಯ. ಕೊರೊನಾ ಕಾಲದಲ್ಲಿ ಆಫ್ರಿಕಾದ ಬೋಟ್ಸ್‌ವಾನಾ ದೇಶದಲ್ಲಿ ಪ್ರಾಥಮಿಕ ಶಾಲೆಯ ಮಕ್ಕಳಿರುವ ಮನೆಗಳಿಗೆ ವಾರಕ್ಕೊಂದು ಸಾದಾ ಸಂದೇಶದಲ್ಲಿ ಲೆಕ್ಕಗಳನ್ನು ಕಳುಹಿಸಿ, ಕೆಲವು ಮನೆಗಳಿಗೆ ಅದರೊಂದಿಗೆ ಹದಿನೈದು ಇಪ್ಪತ್ತು ನಿಮಿಷದ ಫೋನ್ ಕರೆಯನ್ನೂ ಮಾಡಲಾಯಿತು. ಕರೆ ಬಂದ ಮನೆಗಳ ಮಕ್ಕಳು ಗಣಿತದಲ್ಲಿ ಸ್ಪಷ್ಟವಾಗಿ ಸುಧಾರಿಸಿದರು. ಬರೀ ಸಂದೇಶದಿಂದ ಅಂಥ ಫಲ ಕಾಣಲಿಲ್ಲ. ನಿಮ್ಮ ತರಗತಿಯಲ್ಲಿ ಹಿಂದೆ ಉಳಿದ ಐದಾರು ಮಕ್ಕಳಿಂದ ಆರಂಭಿಸಿ. ವಾರಕ್ಕೊಮ್ಮೆ ಪಾಲಕರಿಗೆ ಅನುಕೂಲವಾದ ಹೊತ್ತಿನಲ್ಲಿ ಕರೆ ಮಾಡಿ, ಫೋನನ್ನು ಸ್ಪೀಕರ್‌ಗೆ ಹಾಕಿಸಿ, ಮಗುವಿಗೆ ಒಂದು ಲೆಕ್ಕ ಹೇಳಿ, ಅದು ಬಿಡಿಸುವ ಬಗೆಯನ್ನು ಗಟ್ಟಿಯಾಗಿ ಹೇಳಿಸಿಕೊಳ್ಳಿ. ಎಲ್ಲಿ ಎಡವಿತು ಎಂಬುದನ್ನು ಒಂದು ನೋಟ್‌ಬುಕ್‌ನಲ್ಲಿ ಬರೆದುಕೊಂಡು, ಮುಂದಿನ ವಾರದ ಲೆಕ್ಕವನ್ನು ಅದಕ್ಕೆ ತಕ್ಕಂತೆ ಸುಲಭಗೊಳಿಸಿ ಅಥವಾ ಕಠಿಣಗೊಳಿಸಿ.