ಕಾಸು ಕೊಟ್ಟವರು ನೀವು, ಬೀಗದ ಕೈ ಅವರ ಹತ್ರ

ಗುಬ್ಬಿ ತಾಲೂಕಿನ ನಿವೃತ್ತ ಮೇಷ್ಟ್ರೊಬ್ಬರು ಬರೆದಿದ್ದಾರೆ: "ನನ್ನ ಹಳೇ ಫೋನಿಗೆ ಕಂಪನಿ ಅಪ್‌ಡೇಟ್ ಕೊಡೋದು ನಿಲ್ಲಿಸಿತ್ತು. ಎಂಜಿನಿಯರಿಂಗ್ ಓದುವ ಮೊಮ್ಮಗ ಬೂಟ್‌ಲೋಡರ್ (ಫೋನ್ ಆನ್ ಆದೊಡನೆ ಮೊದಲು ಓಡುವ ಪ್ರೋಗ್ರಾಂ, ಕಂಪನಿ ಅದಕ್ಕೆ ಬೀಗ ಹಾಕಿರುತ್ತದಂತೆ) ಅನ್‌ಲಾಕ್ ಮಾಡಿ ಲಿನೇಜ್ ಓಎಸ್ ಅನ್ನೋ ಆಂಡ್ರಾಯ್ಡ್ ಆಧಾರಿತ ಸಾಫ್ಟ್‌ವೇರ್ ಹಾಕಿಕೊಟ್ಟ. ಫೋನು ಚುರುಕಾಗಿದೆ. ಆದರೆ ಬ್ಯಾಂಕಿನ ಆ್ಯಪ್ ತೆರೆಯುತ್ತಿಲ್ಲ. ಪೊಲೀಸ್ ಇಲಾಖೆಯಲ್ಲಿದ್ದ ನನ್ನ ಭಾವಮೈದುನ ಇದು ಅಪರಾಧ ಅಂತ ಹೆದರಿಸುತ್ತಾರೆ. ಇನ್ನೊಂದು ವಿಷಯ. ತುಮಕೂರಿನಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಫೋನ್ ನೋಡಿದ್ದೇನೆ. ಅದರಲ್ಲಿ ಹಳೇ ಮಾಲೀಕರ ಗೂಗಲ್ ಲಾಕ್ ಇದೆ. ಐನೂರು ರೂಪಾಯಿ ಕೊಟ್ಟರೆ ತೆಗೆದುಕೊಡುತ್ತೇನೆ ಅಂತಾನೆ ಅಂಗಡಿಯವನು. ಇದೆಲ್ಲ ಸರೀನಾ?"

ಮೇಷ್ಟ್ರೇ, ಮೊದಲು ಮೊಮ್ಮಗನ ಬೆನ್ನು ತಟ್ಟಿ. ಆಮೇಲೆ ಮುಂದೆ ಓದಿ.

ನಿಮ್ಮ ಭಾವಮೈದುನರು ಎರಡು ಬೇರೆ ವಿಷಯಗಳನ್ನು ಒಂದೇ ಗಂಟು ಮಾಡಿದ್ದಾರೆ. ಪ್ರತಿ ಫೋನಿಗೂ ಐಎಂಇಐ ಅಂತ 15 ಅಂಕಿಯ ಗುರುತಿನ ನಂಬರ್ ಇರುತ್ತದೆ. ಸ್ಟಾರ್ ಹ್ಯಾಶ್ 06 ಹ್ಯಾಶ್ ಒತ್ತಿದರೆ ಕಾಣುತ್ತದೆ. ಅದನ್ನು ತಿದ್ದುವುದು ಅಪರಾಧ. 2023ರ ದೂರಸಂಪರ್ಕ ಕಾಯ್ದೆಯಲ್ಲಿ ಇದಕ್ಕೆ 3 ವರ್ಷದವರೆಗೆ ಜೈಲು, 50 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಇವೆ. ನಿಮ್ಮ ಮೊಮ್ಮಗ ಆ ನಂಬರ್ ಮುಟ್ಟಿಲ್ಲ. ನಿಮ್ಮದೇ ಫೋನಿನಲ್ಲಿ, ನಿಮ್ಮನ್ನು ಕೇಳಿ, ಒಂದು ಸಾಫ್ಟ್‌ವೇರ್ ತೆಗೆದು ಇನ್ನೊಂದು ಹಾಕಿದ್ದಾನೆ. ಗೂಗಲ್ ತನ್ನ ಪಿಕ್ಸೆಲ್ ಫೋನುಗಳಲ್ಲಿ ಬೂಟ್‌ಲೋಡರ್ ಬಿಚ್ಚುವ ದಾರಿಯನ್ನು ಸೆಟ್ಟಿಂಗ್ಸ್ ಒಳಗೇ ಇಟ್ಟಿದೆ. ಇದರಲ್ಲಿ ಕಳ್ಳತನ ಎಲ್ಲಿಂದ ಬಂತು?

ಕಂಪನಿಗಳ ಮಾತಲ್ಲೂ ಹುರುಳಿದೆ, ಒಪ್ಪೋಣ. ಫೋನ್ ಆನ್ ಆಗುವಾಗಲೆಲ್ಲ ಒಳಗಿನ ಸಾಫ್ಟ್‌ವೇರ್ ಅಸಲಿಯೇ ಅಂತ ಬೂಟ್‌ಲೋಡರಿನ ಬೀಗ ಪರೀಕ್ಷೆ ಮಾಡುತ್ತದೆ. ಬೀಗ ತೆಗೆದ ಫೋನ್ ಕಳ್ಳನ ಕೈಗೆ ಸಿಕ್ಕರೆ ಅವನೂ ತನಗೆ ಬೇಕಾದ್ದು ಹಾಕಬಹುದು. ಅನ್‌ಲಾಕ್ ಮಾಡುವಾಗ ಫೋಟೋ, ಮೆಸೇಜು ಎಲ್ಲ ಅಳಿಸಿಹೋಗುವಂತೆ ಮಾಡಿರುವುದು ಅದಕ್ಕೇ. ವಾರಂಟಿಗೂ ಕುತ್ತು ಬರಬಹುದು. ಅವರ ಪರವಾಗಿ ಇಷ್ಟು ಸಾಕು.

ಏಕೆಂದರೆ ನನ್ನ ಪ್ರಶ್ನೆ ಬೇರೆ. ಸುರಕ್ಷತೆಯ ಬಗ್ಗೆ ಇಷ್ಟು ಕಾಳಜಿ ಇರುವವರು ಅಪ್‌ಡೇಟ್ ನಿಲ್ಲಿಸಿದ್ದೇಕೆ? ಹೊಸ ತೂತು ಕಂಡರೂ ಮುಚ್ಚುವವರಿಲ್ಲದ ಫೋನು ಕಂಪನಿಯ ಲೆಕ್ಕದಲ್ಲಿ ಸುರಕ್ಷಿತ. ಯಾರೋ ಹವ್ಯಾಸಿಗಳು ಕೂತು ಆ ತೂತು ಮುಚ್ಚಿಕೊಟ್ಟರೆ ಅದು ಅಪಾಯ! ಈ ಹವ್ಯಾಸಿಗಳ ಕಥೆಯೂ ಚೆನ್ನಾಗಿದೆ. ಸಯನೋಜೆನ್‌ಮಾಡ್ ಅಂತ ಇಂಥದ್ದೇ ಒಂದು ಫೋನ್ ಸಾಫ್ಟ್‌ವೇರ್ ಇತ್ತು. ಅದರ ಹಿಂದಿದ್ದ ಕಂಪನಿ 2016ರ ಡಿಸೆಂಬರ್‌ನಲ್ಲಿ ಕೈ ಎತ್ತಿತು. ಬರೆಯುತ್ತಿದ್ದ ಜನ ಬಿಡಲಿಲ್ಲ, ಲಿನೇಜ್ ಅಂತ ಹೆಸರಿಟ್ಟು ಮುಂದುವರಿಸಿದರು. ನಿಮ್ಮ ಜೇಬಿನಲ್ಲಿರುವುದು ಅದೇ.

ಕಂಪನಿಗಳನ್ನು ಕಣ್ಣುಮುಚ್ಚಿ ನಂಬಿ ಅನ್ನುವವರಿಗೆ 2017ರ ಡಿಸೆಂಬರ್ ನೆನಪಿಸುತ್ತೇನೆ. ಬ್ಯಾಟರಿ ಹಳತಾದ ಐಫೋನ್‌ಗಳನ್ನು ಸಾಫ್ಟ್‌ವೇರ್ ಮೂಲಕ ನಿಧಾನ ಮಾಡಿದ್ದು ಹೌದು ಅಂತ ಆಪಲ್ ಒಪ್ಪಿಕೊಂಡಿತು. ಫೋನ್ ದಿಢೀರ್ ಆಫ್ ಆಗದಿರಲಿ ಅಂತ ಮಾಡಿದೆವು ಅಂದರು. ಇರಬಹುದು. ಆದರೆ ಗ್ರಾಹಕರಿಗೆ ಸರಿಯಾಗಿ ಹೇಳಲಿಲ್ಲವಲ್ಲ ಅಂತ 2020ರಲ್ಲಿ ಫ್ರಾನ್ಸ್ 2.5 ಕೋಟಿ ಯೂರೋ ದಂಡ ಹಾಕಿತು. ಎಷ್ಟು ಜನ ಅಷ್ಟರಲ್ಲಿ ಹೊಸ ಫೋನ್ ಕೊಂಡಿದ್ದರೋ!

ನಾನು ತುಮಕೂರಿನವನು. ನಮ್ಮೂರಲ್ಲಿ ಎಚ್‌ಎಂಟಿ ವಾಚ್ ಕಾರ್ಖಾನೆ ಇತ್ತು. ಈಗಿಲ್ಲ, ಜಾಗ ಇಸ್ರೋ ಕೈಯಲ್ಲಿದೆ. ಆ ವಾಚು ಕೆಟ್ಟರೆ ಬೆಂಗಳೂರಿಗೆ ಕಳಿಸಬೇಕಿರಲಿಲ್ಲ. ಮಂಡಿಪೇಟೆಯ ಮೂಲೆಯಲ್ಲಿ ಗಾಜಿನ ಪೆಟ್ಟಿಗೆ ಹಿಂದೆ ಕೂತವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ, ಹಿಂದಿನ ಮುಚ್ಚಳ ತೆಗೆದು, ನಮ್ಮೆದುರೇ ರಿಪೇರಿ ಮಾಡುತ್ತಿದ್ದರು. ನೀವೇಕೆ ಮುಚ್ಚಳ ತೆಗೆದಿರಿ ಅಂತ ಎಚ್‌ಎಂಟಿಯವರು ಯಾರನ್ನೂ ಕೇಳಲಿಲ್ಲ. ಈಗ ನೋಡಿ. ಐಫೋನ್ ತಯಾರಾಗುವುದು ಇಲ್ಲೇ ಪಕ್ಕದಲ್ಲಿ, ಕೋಲಾರದ ನರಸಾಪುರದಲ್ಲಿ. ವಿಸ್ಟ್ರಾನ್ ನಡೆಸುತ್ತಿದ್ದ ಆ ಕಾರ್ಖಾನೆ 2023ರಲ್ಲಿ ಟಾಟಾದವರ ಕೈಗೆ ಬಂತು. ನಮ್ಮ ಜಿಲ್ಲೆಗಳ ಹುಡುಗ ಹುಡುಗಿಯರೇ ಅಲ್ಲಿ ಫೋನ್ ಜೋಡಿಸುತ್ತಾರೆ. ಆದರೆ ಅದೇ ಫೋನಿಗೆ ಐದು ಮೂಲೆಯ ವಿಚಿತ್ರ ಸ್ಕ್ರೂ. ಮನೆಯ ಸ್ಕ್ರೂಡ್ರೈವರ್ ಅದಕ್ಕೆ ಕೂರಲ್ಲ. ಜೋಡಿಸೋಕೆ ನಮ್ಮ ಕೈ ಬೇಕು, ಬಿಚ್ಚೋಕೆ ಬೇಡ.

ಇದು ಫೋನಿಗೆ ಮಾತ್ರ ಬಂದ ರೋಗವೂ ಅಲ್ಲ. ಅಮೆರಿಕದ ರೈತರು ತಮ್ಮದೇ ಟ್ರ್ಯಾಕ್ಟರಿನ ಸಾಫ್ಟ್‌ವೇರ್ ಮುಟ್ಟಲು ಕಾಪಿರೈಟ್ ಕಾನೂನಿನಿಂದ ವಿನಾಯಿತಿ ಕೇಳಬೇಕಾಯಿತು. ಸಿಕ್ಕಿದ್ದು 2015ರಲ್ಲಿ. ನಮ್ಮ ಕೇಂದ್ರ ಸರ್ಕಾರ 2022ರ ಡಿಸೆಂಬರ್‌ನಲ್ಲಿ ರಿಪೇರಿ ಹಕ್ಕಿನ ಹೆಸರಲ್ಲಿ ಒಂದು ಪೋರ್ಟಲ್ ಶುರು ಮಾಡಿತು. ಕಂಪನಿಗಳು ತಾವಾಗಿ ಬಂದು ಮಾಹಿತಿ ಹಾಕಬೇಕಂತೆ. ಒಂದು ಗಟ್ಟಿ ಕಾಯ್ದೆ ಮಾಡೋಕೆ ಇವರಿಗೆ ಏನು ಕಷ್ಟ?

ಇನ್ನು ನಿಮ್ಮ ಎರಡನೇ ಪ್ರಶ್ನೆ. ಇಲ್ಲಿ ಸ್ವಲ್ಪ ಬೈಯಲೇಬೇಕು. ಇಷ್ಟು ವರ್ಷ ಮಕ್ಕಳಿಗೆ ಪಾಠ ಹೇಳಿದವರು ಐನೂರು ರೂಪಾಯಿಯ ಆಸೆಗೆ ಬೀಳೋದಾ? ಮೊಮ್ಮಗ ತೆಗೆದದ್ದು ಕಂಪನಿ ನಿಮ್ಮ ಫೋನಿಗೆ ಹಾಕಿದ ಬೀಗ. ಅಂಗಡಿಯವನು ತೆಗೆಯುವುದು ಮಾಲೀಕ ತನ್ನ ಫೋನಿಗೆ ಹಾಕಿಕೊಂಡದ್ದು. ಫೋನ್ ಕದ್ದವನಿಗೆ ದಕ್ಕಬಾರದು ಅಂತಲೇ 2015ರಿಂದ ಆಂಡ್ರಾಯ್ಡ್‌ನಲ್ಲಿ ಆ ಲಾಕ್ ಬಂದಿದೆ. ಮಾರುವವನು ನಿಜವಾದ ಮಾಲೀಕನಾದರೆ ಪಾಸ್‌ವರ್ಡ್ ಹಾಕಿ ತೆಗೆಯಲು ಎರಡು ನಿಮಿಷ ಸಾಕು. ನಿಮ್ಮೆದುರು ತೆಗೆಯಲಿ. ಆಗಲ್ಲ ಅಂದರೆ ಆ ಫೋನ್ ಎಲ್ಲಿಂದ ಬಂತು ಅಂತ ಯೋಚಿಸಿ. ಐಎಂಇಐ ನಂಬರನ್ನು ಕೇಂದ್ರ ಸರ್ಕಾರದ ಸಂಚಾರ್ ಸಾಥಿ ಪೋರ್ಟಲ್‌ನಲ್ಲಿ ಹಾಕಿ ನೋಡಿ, ಕಳವಾಯ್ತು ಅಂತ ಬ್ಲಾಕ್ ಮಾಡಿಸಿದ್ದರೆ ಗೊತ್ತಾಗುತ್ತದೆ. ಜತೆಗೆ ಲಾಕ್ ತೆಗೆಯುವ ಆ ಕ್ರ್ಯಾಕ್ ಮಾಡಿದ ಟೂಲ್ ಅಂಗಡಿಯವನಿಗೆ ಎಲ್ಲಿಂದ ಬಂತೋ, ಫೋನೊಳಗೆ ಇನ್ನೇನು ಬಿಟ್ಟುಹೋಗುತ್ತೋ, ಅವನಿಗೂ ಗೊತ್ತಿರಲ್ಲ. ನೆಟ್‌ನಲ್ಲಿ ಸಿಗುವ 'ಒಂದೇ ಕ್ಲಿಕ್ಕಿಗೆ ರೂಟ್' (ಅಂದರೆ ಫೋನಿನ ಪೂರ್ತಿ ಹಿಡಿತ ಕೊಡುತ್ತೇವೆ ಅನ್ನುವ) ಆ್ಯಪ್‌ಗಳಿಗೂ ಇದೇ ಮಾತು. ಬೇರೆ ಮಾಡೆಲ್ಲಿನ ಫೈಲ್ ಹೊಡೆದು ಸೆಟ್ಟು ಡೆಡ್ ಆದ ಮೇಲೆ ನನಗೆ ಕಾಗದ ಬರೆಯಬೇಡಿ.

ಬ್ಯಾಂಕ್ ಆ್ಯಪ್ ತೆರೆಯದಿರುವುದಕ್ಕೆ ಕಾರಣ ಇಷ್ಟೇ. ಫೋನಿನ ಬೀಗ ಹಾಗೇ ಇದೆಯೇ ಅಂತ ಆ್ಯಪ್ ಗೂಗಲ್‌ನ ಕೇಳುತ್ತದೆ. ಇಲ್ಲ ಅಂತ ಉತ್ತರ ಬಂದರೆ ಮುಚ್ಚಿಕೊಳ್ಳುತ್ತದೆ. ಅದನ್ನು ಯಾಮಾರಿಸುವ ಟೂಲ್‌ಗಳಿವೆ, ನಿಮ್ಮ ಮೊಮ್ಮಗನಿಗೆ ಗೊತ್ತೇ ಇರುತ್ತದೆ. ಬೇಡ ಅನ್ನಿ. ಪಿಂಚಣಿ ದುಡ್ಡಿನ ಜತೆ ಆ ಆಟ ಬೇಡ. ಮನೆಯ ಕಂಪ್ಯೂಟರಿನಲ್ಲಿ ನೆಟ್ ಬ್ಯಾಂಕಿಂಗ್ ಮಾಡಿ. ಶಾಖೆಗೆ ಹೋಗಿ ಮ್ಯಾನೇಜರಿಗೆ ಒಂದು ದೂರು ಬರೆದುಕೊಡಿ. ಕನ್ನಡದಲ್ಲೇ ಬರೆಯಿರಿ, ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ಏನು ಉತ್ತರ ಬಂತು ಅಂತ ತಿಳಿಸಿದರೆ ಮುಂದಿನ ಸಂಚಿಕೆಯಲ್ಲಿ ಹಾಕುತ್ತೇನೆ.

– ಸಂಪಾದಕ