ಉಂಗುರದ ಸೂಜಿಮೊನೆ ರಂಧ್ರಗಳ ಬಗ್ಗೆ

ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಕೊಂಡ 916 ಗುರುತಿನ (22 ಕ್ಯಾರೆಟ್) ಚಿನ್ನದ ಉಂಗುರಕ್ಕೆ ಪಾಲಿಶ್ ಹಾಕಿಸಿದ ಮೇಲೆ ಸೂಜಿಮೊನೆಯಷ್ಟು ರಂಧ್ರಗಳು ಕಾಣುತ್ತಿವೆ, ಚಿನ್ನವೇ ಕಳಪೆಯೇ ಎಂದು ಕೇಳಿದ್ದೀರಿ. ನಗರ್ತಪೇಟೆಯಲ್ಲಿ ಎರಕದ ಕೆಲಸ ಮಾಡಿದ ಅನುಭವದಿಂದ ಹೇಳುವುದಾದರೆ, ಇದು ಬಹುತೇಕ ಎರಕದ ದೋಷ; ಶುದ್ಧತೆಯದ್ದಲ್ಲ.

ಮೇಣದ ಮಾದರಿಯ ಸುತ್ತ ಜಿಪ್ಸಂ ಬೆರೆತ ಹಿಟ್ಟಿನ ಅಚ್ಚು ಕಟ್ಟಿ, ಕುಲುಮೆಯಲ್ಲಿ ಮೇಣವನ್ನು ಸುಟ್ಟು ತೆಗೆದು, ಆ ಟೊಳ್ಳಿಗೆ ಚಿನ್ನ ಸುರಿಯುವಾಗ, ಲೋಹ ಅತಿಯಾಗಿ ಕಾದಿದ್ದರೆ ಜಿಪ್ಸಂ ವಿಭಜನೆಯಾಗಿ ಗಂಧಕದ ಅನಿಲ ಹೊರಡುತ್ತದೆ. ಅದು ಒಳಗೇ ಸಿಕ್ಕಿಕೊಂಡರೆ ಗುಂಡನೆಯ ಗುಳಿಗಳಾಗುತ್ತವೆ. ಲೋಹ ಹರಿಯುವ ದಾರಿ ಸಣ್ಣದಿದ್ದು ಉಂಗುರಕ್ಕಿಂತ ಮೊದಲೇ ಗಟ್ಟಿಯಾದರೆ, ಆರುತ್ತಾ ಕುಗ್ಗುವ ಚಿನ್ನಕ್ಕೆ ಪೂರೈಕೆ ನಿಂತು ಅಂಕುಡೊಂಕಾದ, ಒರಟು ಅಂಚಿನ ಟೊಳ್ಳುಗಳು ಉಳಿಯುತ್ತವೆ. 10 ಪಟ್ಟು ಹಿಗ್ಗಿಸುವ ಭೂತಗನ್ನಡಿಯಲ್ಲಿ ಈ ವ್ಯತ್ಯಾಸ ಸ್ಪಷ್ಟವಾಗಿ ಕಾಣುತ್ತದೆ. ಪಾಲಿಶ್ ಮೇಲ್ಪದರವನ್ನು ಸವೆಸುವುದರಿಂದ ಅಡಗಿದ್ದ ರಂಧ್ರಗಳು ಆಗಲೇ ಬಾಯಿಬಿಡುತ್ತವೆ.

ಇಂಥ ಉಂಗುರವನ್ನು ಕಾರ್ಖಾನೆಯಲ್ಲೇ ತಡೆದು ಮತ್ತೆ ಕರಗಿಸಬೇಕಿತ್ತು. ಬೆಸುಗೆ ತುಂಬಿ ಮುಚ್ಚುವುದನ್ನು ನಾನು ಒಪ್ಪುವುದಿಲ್ಲ. ಶುದ್ಧತೆಯ ಸಂಶಯಕ್ಕೆ, ಒಳಬದಿಯಲ್ಲಿರುವ, ಆ ಆಭರಣಕ್ಕೆಂದೇ ಕೊಟ್ಟ 6 ಅಕ್ಷರ-ಅಂಕಿಗಳ ಹಾಲ್‌ಮಾರ್ಕ್ ಗುರುತು ಸಂಖ್ಯೆಯಾದ ಎಚ್‌ಯುಐಡಿಯನ್ನು ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಬಿಐಎಸ್ ಕೇರ್ ಆ್ಯಪ್‌ನಲ್ಲಿ ಪರಿಶೀಲಿಸಿ. ರಂಧ್ರಗಳು ಹರಳು ಹಿಡಿಯುವ ಕೊಕ್ಕೆಗಳ ಬುಡದಲ್ಲಿದ್ದರೆ, ದಯವಿಟ್ಟು ಧರಿಸಬೇಡಿ, ಬಿಲ್ಲಿನೊಂದಿಗೆ ಹೋಗಿ ಬದಲಿ ಉಂಗುರವನ್ನೇ ಕೇಳಿ.