ಮಂಗನ ಕಾಯಿಲೆ ಸೀಸನ್ ಬರುವ ಮೊದಲು ನಮ್ಮ ಉಪಕೇಂದ್ರಕ್ಕೆ ಯಾವ ಟೆಲಿಮೆಡಿಸಿನ್ ಆ್ಯಪ್ ತರಿಸಬೇಕು?

ನಮ್ಮೂರಲ್ಲೂ ಇದೇ ಚರ್ಚೆ ನಡೆದಿತ್ತು. ಆ್ಯಪ್ ಹುಡುಕುವುದನ್ನು ಬಿಡಿ. ಸರ್ಕಾರದ್ದೇ ಟೆಲಿಮೆಡಿಸಿನ್ ಸೇವೆ ಇ-ಸಂಜೀವಿನಿ ಪುಕ್ಕಟೆ ಇದೆ, ಸಮುದಾಯ ಆರೋಗ್ಯಾಧಿಕಾರಿಯ ಲಾಗಿನ್‌ನಲ್ಲೇ ಡಾಕ್ಟರ್ ಸಿಗುತ್ತಾರೆ.

ನಮಗೆ ಪೆಟ್ಟು ಕೊಟ್ಟದ್ದು ನೆಟ್‌ವರ್ಕ್ ಅಲ್ಲ, ತಾರೀಖು. ವಿಡಿಯೊ ಕಾಲ್ ಮಾಡಿದ ದಿನವನ್ನೇ ಜ್ವರದ ಮೊದಲ ದಿನ ಅಂತ ಬರೆದುಕೊಳ್ಳುತ್ತಿದ್ದೆವು. ಮಂಗನ ಕಾಯಿಲೆಯಲ್ಲಿ ಎಲ್ಲ ಲೆಕ್ಕವೂ ಜ್ವರ ಶುರುವಾದ ದಿನದಿಂದಲೇ. ಮೊದಲ ನಾಲ್ಕೈದು ದಿನ ವೈರಸ್ ಆರ್‌ಟಿ-ಪಿಸಿಆರ್‌ನಲ್ಲಿ ಸಿಗುತ್ತದೆ, ಸೋಂಕಿನ ವಿರುದ್ಧ ಮೈಯಲ್ಲಿ ಹುಟ್ಟುವ ಐಜಿಎಂ ಪ್ರತಿಕಾಯ ಇನ್ನೂ ಮೂಡಿರುವುದಿಲ್ಲ. ದಿನ ಕಳೆದಂತೆ ವೈರಸ್ ಇಳಿದು ಐಜಿಎಂ ಏರುತ್ತದೆ. ತಾರೀಖು ತಪ್ಪಿದರೆ ತಪ್ಪು ಪರೀಕ್ಷೆ, ಸುಳ್ಳು ನೆಗೆಟಿವ್, ಮನೆಯವರು ನಿಶ್ಚಿಂತೆ. ಇನ್ನೂ ದೊಡ್ಡ ಅಪಾಯ ಆಮೇಲಿದೆ. ಜ್ವರ ಬಿಟ್ಟು ಒಂದೆರಡು ವಾರ ಆರಾಮಾಗಿದ್ದವರಲ್ಲಿ ನೂರಕ್ಕೆ 10ರಿಂದ 20 ಮಂದಿಗೆ ಅದು ಮರುಕಳಿಸುತ್ತದೆ; ಈ ಸಲ ವಿಪರೀತ ತಲೆನೋವು, ಕುತ್ತಿಗೆ ಬಿಗಿತ, ಕೈನಡುಕ, ಗಲಿಬಿಲಿ ಮಾತು. ಜ್ವರ ಬಿಟ್ಟಿತೆಂದು ಕೇಸ್ ಮುಚ್ಚಿದರೆ ಇವರನ್ನು ಕೇಳುವವರೇ ಇರುವುದಿಲ್ಲ. ನಾಲ್ಕು ವಾರ ಬಿಡದೆ ಫೋನ್ ಮಾಡಿ.

'ಎಷ್ಟು ದಿನ ಆಯ್ತು?' ಅಂದರೆ 'ಮೂರ್ನಾಲ್ಕು' ಅನ್ನುತ್ತಾರೆ. 'ಸಂತೆ ದಿನ ಮೈ ಬಿಸಿ ಇತ್ತೇನಮ್ಮಾ? ದರಗು ಗುಡಿಸೋಕೆ ಹೋಗಿದ್ದು ಅದಕ್ಕೆ ಮುಂಚೆಯೋ, ಆಮೇಲೋ?' ಅಂತ ಕೇಳಿ. ದರಗು ಅಂದರೆ ಕಾಡಿನ ಒಣ ಎಲೆ. ಈ ಕಾಯಿಲೆ ಹರಡುವ ಕಾಡಿನ ಉಣುಗು (ಉಣ್ಣೆ ಹುಳ) ಕಚ್ಚಿ 3ರಿಂದ 8 ದಿನಕ್ಕೆ ಜ್ವರ ಬರುವುದರಿಂದ ಉತ್ತರ ತಾಳೆ ನೋಡಬಹುದು. ಡಾಕ್ಟರ್ ನೋಡುವವರೆಗೆ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ ಬೇಡ. ಆಸ್ಪಿರಿನ್, ಐಬುಪ್ರೊಫೆನ್ ರಕ್ತಸ್ರಾವ ಹೆಚ್ಚಿಸುತ್ತವೆ.

ಪಂಚಾಯಿತಿ ದುಡ್ಡನ್ನು ತಣ್ಣಗಿಡುವ ಡಬ್ಬಿಗೆ (ವ್ಯಾಕ್ಸಿನ್ ಕ್ಯಾರಿಯರ್), ಐಸ್ ಪ್ಯಾಕ್‌ಗೆ, ರಕ್ತದ ಮಾದರಿ ಒಯ್ಯುವ ಬೈಕಿನ ಪೆಟ್ರೋಲಿಗೆ ಹಾಕಿ. ಪರದೆಯಲ್ಲಿ ರಕ್ತ ಪರೀಕ್ಷೆ ಆಗುವುದಿಲ್ಲ. ಟ್ಯೂಬಿಗೆ ಹತ್ತಿ ಸುತ್ತಿ, ಸೋರದ ಡಬ್ಬಿಯಲ್ಲಿಟ್ಟು, 2ರಿಂದ 8 ಡಿಗ್ರಿಯಲ್ಲಿ ಕಳಿಸಿ. ಐಸ್ ಪ್ಯಾಕ್ ಟ್ಯೂಬಿಗೆ ನೇರ ತಾಗಿದರೆ ರಕ್ತ ಮಂಜುಗಟ್ಟಿ ಕಣ ಒಡೆಯುತ್ತದೆ, ಮಾದರಿ ಹಾಳು.

ಡಿಸೆಂಬರಿನಿಂದ ಮೇವರೆಗೆ ಫೋನಿನ ನಿಜವಾದ ಉಪಯೋಗ ಬೇರೆಯೇ ಇದೆ. ಮಂಗ ಸತ್ತು ಬಿದ್ದಿದ್ದರೆ ದೂರದಿಂದಲೇ ಫೋಟೊ ತೆಗೆದು, ಲೊಕೇಶನ್ ಸಮೇತ ಅರಣ್ಯ ಇಲಾಖೆಗೂ ಆರೋಗ್ಯ ಕೇಂದ್ರಕ್ಕೂ ಅವತ್ತೇ ಕಳಿಸಿ. ಸತ್ತ ಮೈಯಿಂದ ಉಣುಗು ಇಳಿದು ನೆಲಕ್ಕೆ ಹರಡುತ್ತವೆ. ಸುತ್ತ 50 ಮೀಟರ್ ಮೆಲಾಥಿಯಾನ್ ಕೀಟನಾಶಕ ಪುಡಿ ಬೀಳಬೇಕು. ನಾಳೆ ನೋಡೋಣ ಅಂದರೆ, ಅಷ್ಟರಲ್ಲಿ ದರಗಿಗೆ ಹೋದವರು ಅದೇ ಜಾಗ ತುಳಿದಿರುತ್ತಾರೆ.